ಮೂತ್ರಪಿಂಡದ ಕಾಯಿಲೆಯವರಿಗೆ ಜೋಳದ ನಾಡಿನ ಊಟ



ಹೊಸರಿತ್ತಿ ವರದಾ ನದಿಯ ದಂಡೆಯ ಊರು. ಅಲ್ಲಿಯೂ, ಸುತ್ತಲಿನ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ತಾಲೂಕುಗಳ ಹಳ್ಳಿಗಳಲ್ಲಿಯೂ ಊಟವೆಂದರೆ ಜೋಳದ ರೊಟ್ಟಿ, ಕಾಳುಪಲ್ಯ, ಶೇಂಗಾ ಹಿಂಡಿ, ಉಪ್ಪಿನಕಾಯಿ, ಮಜ್ಜಿಗೆ, ಕೊನೆಗೆ ಎರಡು ತುತ್ತು ಅನ್ನ. ಇಂಥ ಮನೆಯಲ್ಲಿ ಒಬ್ಬರಿಗೆ ಮೂತ್ರಪಿಂಡ ಕೆಟ್ಟಿದೆ ಎಂದು ವೈದ್ಯರು ಹೇಳಿದ ದಿನದಿಂದ ಅಡಿಗೆಮನೆಯಲ್ಲಿ ಗೊಂದಲ ಆರಂಭವಾಗುತ್ತದೆ. ಕೆಲವು ಮನೆಗಳಲ್ಲಿ ರೊಟ್ಟಿ, ಬೇಳೆ, ಹಾಲು, ಹಣ್ಣು ಎಲ್ಲವನ್ನೂ ನಿಲ್ಲಿಸಿ ರೋಗಿಗೆ ಬರಿಯ ಗಂಜಿ ಹಾಕುತ್ತಾರೆ. ಆರು ತಿಂಗಳಲ್ಲಿ ಆ ಮನುಷ್ಯ ಎತ್ತಿನ ಹಗ್ಗ ಹಿಡಿಯಲಾರದಷ್ಟು ಸೊರಗುತ್ತಾನೆ. ಇನ್ನು ಕೆಲವು ಮನೆಗಳಲ್ಲಿ ಗುಳಿಗೆ ನುಂಗಿದರೆ ಸಾಕೆಂದು ಊಟದಲ್ಲಿ ಏನನ್ನೂ ಬದಲಿಸುವುದಿಲ್ಲ. ಈ ಎರಡೂ ದಾರಿಗಳು ಹಾನಿಯವೇ.

ಯಾವ ಔಷಧ ಕೊಡಬೇಕೆಂಬುದು ವೈದ್ಯರಿಗೆ ಬಿಟ್ಟ ವಿಷಯ. ಆದರೆ ತಟ್ಟೆಗೆ ಬರುವುದೆಲ್ಲ ಹೊಲದಿಂದಲೇ ಬರುತ್ತದೆ. ಮಣ್ಣಿಗೆ ಹಾಕುವ ಸಾರಜನಕ, ರಂಜಕ, ಪೊಟ್ಯಾಷ್‌ಗಳ ಲೆಕ್ಕ ನಿಮಗೆ ಚೆನ್ನಾಗಿ ಗೊತ್ತು. ಮೂತ್ರಪಿಂಡದ ರೋಗಿಯ ಊಟದ ಲೆಕ್ಕವೂ ಬಹುಮಟ್ಟಿಗೆ ಇದೇ ಮೂರು ಅಂಶಗಳದ್ದು. ಇವುಗಳ ಜೊತೆಗೆ ಉಪ್ಪು ಮತ್ತು ನೀರು ಸೇರುತ್ತವೆ. ಈ ಐದನ್ನು ತಿಳಿದುಕೊಂಡರೆ ನಮ್ಮ ನಾಡಿನ ಊಟವನ್ನು ಬಿಡದೆಯೇ ಕಾಯಿಲೆಯನ್ನು ಹತೋಟಿಯಲ್ಲಿಡಲು ಸಾಧ್ಯ.

ಮೂತ್ರಪಿಂಡ ದೇಹದ ಬಸಿಗಾಲುವೆ

ಎರೆಭೂಮಿಗೆ ನೀರು ಹಾಯಿಸುತ್ತ ಹೋಗಿ, ಬಸಿಗಾಲುವೆ ಇಲ್ಲದಿದ್ದರೆ ಏನಾಗುತ್ತದೆಂಬುದನ್ನು ನೀವು ಕಂಡಿದ್ದೀರಿ. ಲವಣಗಳು ಮೇಲಕ್ಕೆ ಬಂದು ಭೂಮಿ ಸವಳು-ಜವಳು ಆಗುತ್ತದೆ. ಗೊಬ್ಬರವೂ ನೀರೂ ಬೆಳೆಗೆ ಬೇಕಾದವೇ. ಹೊರಗೆ ಹೋಗುವ ದಾರಿ ಕಟ್ಟಿದಾಗ ಮಾತ್ರ ಅವೇ ಬೆಳೆಯನ್ನು ಕೊಲ್ಲುತ್ತವೆ. ದೇಹದಲ್ಲಿ ಈ ಬಸಿಯುವ ಕೆಲಸವನ್ನು ಬೆನ್ನಿನ ಎರಡೂ ಬದಿಗಿರುವ ಮೂತ್ರಪಿಂಡಗಳು ಮಾಡುತ್ತವೆ. ಒಂದೊಂದರ ತೂಕ ಸುಮಾರು 150 ಗ್ರಾಂ. ಒಂದೊಂದರಲ್ಲಿ ಸುಮಾರು 10 ಲಕ್ಷ ಸೂಕ್ಷ್ಮ ಜರಡಿಗಳಿವೆ. ಎರಡೂ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಬೇಕಾದುದನ್ನು ರಕ್ತಕ್ಕೆ ಮರಳಿಸಿ, ಒಂದೂವರೆ ಎರಡು ಲೀಟರ್‌ನಷ್ಟು ಮಾತ್ರ ಮೂತ್ರವಾಗಿ ಹೊರಗೆ ಕಳಿಸುತ್ತವೆ.

ಈ ಜರಡಿಗಳು ನಿಧಾನವಾಗಿ ನಾಶವಾಗುತ್ತ ಹೋಗುವುದೇ ದೀರ್ಘಕಾಲದ ಮೂತ್ರಪಿಂಡ ಕಾಯಿಲೆ. ಹೋದ ಜರಡಿ ಮತ್ತೆ ಬರುವುದಿಲ್ಲ. ಉಳಿದವುಗಳ ಮೇಲಿನ ಹೊರೆಯನ್ನು ಇಳಿಸಿ, ಅವು ಹೆಚ್ಚು ವರ್ಷ ಬಾಳುವಂತೆ ಮಾಡುವುದು ನಮ್ಮ ಕೈಯಲ್ಲಿದೆ. ಪಥ್ಯದ ಉದ್ದೇಶ ಇಷ್ಟೇ.

ಯಾರು ಪರೀಕ್ಷೆ ಮಾಡಿಸಬೇಕು?

ಈ ಕಾಯಿಲೆಗೆ ಮೊದಮೊದಲು ನೋವಿಲ್ಲ, ಜ್ವರವಿಲ್ಲ. ಕಾಲು ಬಾವು, ಮೂತ್ರದಲ್ಲಿ ಹೋಗದ ನೊರೆ, ರಾತ್ರಿ ಮೇಲಿಂದ ಮೇಲೆ ಮೂತ್ರಕ್ಕೆ ಏಳುವುದು, ಆಯಾಸ, ತುರಿಕೆ, ಊಟ ಸೇರದಿರುವುದು ಕಾಣುವ ವೇಳೆಗೆ ಬಹಳಷ್ಟು ಹಾನಿ ಆಗಿರುತ್ತದೆ. ಆದುದರಿಂದ ಕೆಳಗಿನವರು ಲಕ್ಷಣ ಕಾಣುವವರೆಗೆ ಕಾಯದೆ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸುವುದು ಒಳ್ಳೆಯದು.

1. ಸಕ್ಕರೆ ಕಾಯಿಲೆ ಅಥವಾ ರಕ್ತದ ಒತ್ತಡ ಇರುವವರು. ಮೂತ್ರಪಿಂಡ ಕೆಡಲು ಇವೆರಡೇ ಮುಖ್ಯ ಕಾರಣಗಳು.

2. ಮೈಕೈ ನೋವಿಗೆ ಅಂಗಡಿಯಿಂದ ಗುಳಿಗೆ ತಂದು ತಿಂಗಳುಗಟ್ಟಲೆ ನುಂಗಿದವರು.

3. ಮನೆತನದಲ್ಲಿ ಮೂತ್ರಪಿಂಡದ ಕಾಯಿಲೆ ಇರುವವರು. ಮೂತ್ರದ ಕಲ್ಲು ಮರುಮರಳಿ ಆಗುವವರು.

4. ಕೊಳಕುಮಂಡಲ ಹಾವು ಕಚ್ಚಿ ಬದುಕಿದವರು. ಈ ಹಾವಿನ ವಿಷ ಮೂತ್ರಪಿಂಡಕ್ಕೂ ತಗಲುತ್ತದೆ.

5. ಬಿರುಬಿಸಿಲಿನಲ್ಲಿ ನೀರು ಕುಡಿಯದೆ ದಿನವಿಡೀ ದುಡಿಯುವವರು. ಆಂಧ್ರದ ಉದ್ದಾನಂ ಪ್ರದೇಶದಲ್ಲಿ, ಶ್ರೀಲಂಕಾದ ಉತ್ತರ ಮಧ್ಯ ಪ್ರಾಂತದಲ್ಲಿ, ಮಧ್ಯ ಅಮೆರಿಕದ ಕಬ್ಬು ಕಡಿಯುವವರಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ ಯಾವುದೂ ಇಲ್ಲದ ದುಡಿಯುವ ಜನರಿಗೇ ಈ ಕಾಯಿಲೆ ಗುಂಪುಗುಂಪಾಗಿ ಬಂದಿದೆ. ಕಾರಣದ ಬಗ್ಗೆ ವಿಜ್ಞಾನಿಗಳಲ್ಲಿ ಇನ್ನೂ ಒಮ್ಮತವಿಲ್ಲವಾದರೂ ಬಿಸಿಲಿನ ದುಡಿಮೆ ಮತ್ತು ನೀರಿನ ಕೊರತೆಯ ಕಡೆಗೆ, ವಿಶೇಷವಾಗಿ ಮಧ್ಯ ಅಮೆರಿಕದಲ್ಲಿ, ಅನೇಕರು ಬೊಟ್ಟು ಮಾಡುತ್ತಾರೆ.

ಪರೀಕ್ಷೆಗಳು ಎರಡು. ಒಂದು, ರಕ್ತದ ಕ್ರಿಯಾಟಿನಿನ್. ಇನ್ನೊಂದು, ಮೂತ್ರದಲ್ಲಿ ಆಲ್ಬುಮಿನ್ ಸೋರುತ್ತಿದೆಯೇ ಎಂಬುದು. ಕ್ರಿಯಾಟಿನಿನ್ ಅಂಕೆಗೆ ವಯಸ್ಸನ್ನೂ ಗಂಡು-ಹೆಣ್ಣೆಂಬುದನ್ನೂ ಸೇರಿಸಿ, ಮೂತ್ರಪಿಂಡ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ಸೋಸುತ್ತದೆಂದು ಲೆಕ್ಕ ಕಟ್ಟುತ್ತಾರೆ. ಈ ಅಂಕೆ 90 ಅಥವಾ ಹೆಚ್ಚಿದ್ದು ಆಲ್ಬುಮಿನ್ ಸೋರಿಕೆಯಂಥ ಹಾನಿಯ ಗುರುತು ಇದ್ದರೆ 1ನೆಯ ಹಂತ. ಅಂಥ ಗುರುತಿನೊಡನೆ 60ರಿಂದ 89 ಇದ್ದರೆ 2ನೆಯ ಹಂತ. 30ರಿಂದ 59 ಇದ್ದರೆ 3. 15ರಿಂದ 29 ಇದ್ದರೆ 4. 15ಕ್ಕಿಂತ ಕಡಿಮೆ ಇದ್ದರೆ 5ನೆಯ ಹಂತ. ಮೂರು ತಿಂಗಳ ಮೇಲೂ ದೋಷ ಉಳಿದರೆ ಮಾತ್ರ ಇದನ್ನು ದೀರ್ಘಕಾಲದ ಕಾಯಿಲೆ ಎನ್ನುತ್ತಾರೆ. ಕೃಶ ಶರೀರದವರಲ್ಲಿ ಕ್ರಿಯಾಟಿನಿನ್ ಮೇಲ್ನೋಟಕ್ಕೆ ಸರಿಯಾಗಿ ಕಂಡರೂ ಒಳಗೆ ಹಾನಿಯಾಗಿರಬಹುದು. ಆದುದರಿಂದ ಸೋಸುವ ಅಂಕೆಯನ್ನೇ ಕೇಳಿ ಬರೆಯಿಸಿಕೊಳ್ಳಿ.

ಮಣ್ಣುಪರೀಕ್ಷೆ ಮಾಡಿಸದೆ ನೆರೆಯವನ ಹೊಲದ ಗೊಬ್ಬರದ ಚೀಟಿಯನ್ನು ನಮ್ಮ ಹೊಲಕ್ಕೆ ಬಳಸುವುದಿಲ್ಲ. ಹಾಗೆಯೇ ಪಕ್ಕದ ಮನೆಯ ರೋಗಿಯ ಪಥ್ಯವನ್ನು ನಿಮ್ಮ ಮನೆಗೆ ತರಬೇಡಿ. ಹಂತ ಬೇರೆ, ರಕ್ತದ ಅಂಕೆ ಬೇರೆ, ಪಥ್ಯವೂ ಬೇರೆ.

ಉಪ್ಪು: ಮೊದಲ ಮತ್ತು ಎಲ್ಲರಿಗೂ ಅನ್ವಯಿಸುವ ಕ್ರಮ

ಬೆಳೆಗಳು ಮಣ್ಣಿನಿಂದ ಪೊಟ್ಯಾಷನ್ನು ಧಾರಾಳವಾಗಿ ಹೀರುತ್ತವೆ, ಸೋಡಿಯಂ ಅನ್ನು ತೀರ ಸ್ವಲ್ಪ. ಆದುದರಿಂದ ಹೊಲದಿಂದ ಬಂದ ಕಾಳು, ಕಾಯಿಪಲ್ಯಗಳಲ್ಲಿ ಸೋಡಿಯಂ ಬಹಳ ಕಡಿಮೆ. ರೋಗಿಯ ದೇಹಕ್ಕೆ ಹೋಗುವ ಸೋಡಿಯಂನ ಬಹುಪಾಲು ಅಡಿಗೆಯವರ ಕೈಯಿಂದಲೋ ಅಂಗಡಿಯ ಪೊಟ್ಟಣದಿಂದಲೋ ಬರುತ್ತದೆ. ಅದು ರಕ್ತದಲ್ಲಿ ನೀರನ್ನು ಹಿಡಿದಿಟ್ಟು ಒತ್ತಡವನ್ನು ಏರಿಸುತ್ತದೆ. ಏರಿದ ಒತ್ತಡ ಉಳಿದ ಜರಡಿಗಳನ್ನು ಒಡೆಯುತ್ತದೆ.

ಒಬ್ಬ ವಯಸ್ಕನಿಗೆ ದಿನಕ್ಕೆ 5 ಗ್ರಾಂ, ಅಂದರೆ ಮಟ್ಟಸವಾದ ಒಂದು ಚಹಾ ಚಮಚಕ್ಕಿಂತ ಹೆಚ್ಚು ಉಪ್ಪು ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೂತ್ರಪಿಂಡದ ರೋಗಿಗೂ ಇದೇ ಮೇಲ್ಮಿತಿ. ನಿಮ್ಮ ಮನೆಯ ಲೆಕ್ಕವನ್ನು ನೀವೇ ನೋಡಿ. ಐದು ಜನರ ಮನೆಗೆ ತಿಂಗಳಿಗೆ 750 ಗ್ರಾಂ ಸಾಕು. ದನಗಳಿಗೆ ಹಾಕಿದ್ದನ್ನು ಕಳೆದ ಮೇಲೂ ತಿಂಗಳಿಗೆ ಎರಡು ಕಿಲೋ ಉಪ್ಪು ತೀರುತ್ತಿದ್ದರೆ ಅದು ಬೇಕಾದುದರ ಎರಡೂವರೆ ಪಟ್ಟಿಗೂ ಹೆಚ್ಚು.

ಉಪ್ಪೆಂದರೆ ನಮ್ಮ ಭಾಗದಲ್ಲಿ ಬರಿಯ ರುಚಿಯ ಮಾತಲ್ಲ. 1930ರಲ್ಲಿ ಗಾಂಧೀಜಿಯವರೊಂದಿಗೆ ದಂಡಿಗೆ ನಡೆದ ಮೋಟೆಬೆನ್ನೂರಿನ ಮೈಲಾರ ಮಹಾದೇವರು 1943ರ ಏಪ್ರಿಲ್ 1ರಂದು ಹುತಾತ್ಮರಾದದ್ದು ಹೊಸರಿತ್ತಿಯಲ್ಲಿಯೇ. ಬಡವನ ಉಪ್ಪಿನ ಮೇಲೆ ಕರ ಬೇಡವೆಂಬುದು ಆ ಹೋರಾಟ. ಇಂದು ಉಪ್ಪು ಅಗ್ಗವಾಗಿದೆ, ಕೈ ಧಾರಾಳವಾಗಿದೆ. ಮಿತಿಯನ್ನು ನಾವೇ ಹಾಕಿಕೊಳ್ಳಬೇಕಾಗಿದೆ.

ಈ ವಿಷಯದಲ್ಲಿ ಜೋಳದ ರೊಟ್ಟಿ ತಿನ್ನುವವರು ಅದೃಷ್ಟವಂತರು. ರೊಟ್ಟಿಯ ಹಿಟ್ಟಿಗೆ ಉಪ್ಪು ಹಾಕುವ ವಾಡಿಕೆ ಹೆಚ್ಚಿನ ಮನೆಗಳಲ್ಲಿ ಇಲ್ಲ. ದಿನಕ್ಕೆ ನಾಲ್ಕು ರೊಟ್ಟಿ ತಿಂದರೂ ಅದರಿಂದ ಉಪ್ಪು ಬರುವುದಿಲ್ಲ. ಬರುವುದು ಅದರ ಜೊತೆಗಿನ ನಂಜಿಕೆಯಿಂದ: ಉಪ್ಪಿನಕಾಯಿ, ಮಜ್ಜಿಗೆ ಮೆಣಸಿನಕಾಯಿ, ಹಪ್ಪಳ, ಸಂಡಿಗೆ, ಉಪ್ಪು ಬೆರೆಸಿದ ಹಿಂಡಿ. ಪೇಟೆಗೆ ಹೋದಾಗ ತಿನ್ನುವ ಗಿರಮಿಟ್, ಮಿರ್ಚಿ ಭಜಿ, ಖಾರಾದಾನಿಗಳಲ್ಲಿ ಉಪ್ಪಿನ ಜೊತೆಗೆ ಅಡಿಗೆ ಸೋಡಾ ಕೂಡ ಇರಬಹುದು. ಹಪ್ಪಳಕ್ಕೆ ಹಾಕುವ ಪಾಪಡಖಾರವೂ ಅಡಿಗೆ ಸೋಡಾದಂತೆ ಸೋಡಿಯಂನದೇ.

ಹೀಗೆ ಮಾಡಿ: ಪಲ್ಯ, ಸಾರುಗಳನ್ನು ಉಪ್ಪಿಲ್ಲದೆ ಬೇಯಿಸಿ. ರೋಗಿಯ ಪಾಲನ್ನು ಮೊದಲು ತೆಗೆದಿಟ್ಟು ಉಳಿದವರ ಪಾಲಿಗೆ ಉಪ್ಪು ಹಾಕಿ. ರೋಗಿಯ ದಿನದ ಉಪ್ಪನ್ನು ಬೆಳಗ್ಗೆಯೇ ಒಂದು ಸಣ್ಣ ಡಬ್ಬಿಯಲ್ಲಿ ಅಳೆದಿಡಿ; ಮೂರೂ ಹೊತ್ತು ಅದರಲ್ಲಿಯೇ ಮುಗಿಯಬೇಕು. ಉಪ್ಪಿಲ್ಲದ ಹಿಂಡಿಯನ್ನು ಬೇರೆಯಾಗಿ ಕುಟ್ಟಿಡಿ. ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರದಲ್ಲಿ ಸೌಮ್ಯ. ಅದರ ಪುಡಿ, ಬೆಳ್ಳುಳ್ಳಿ, ಜೀರಿಗೆ, ಕರಿಬೇವು, ಮೇಲೆ ಹಿಂಡಿದ ನಿಂಬೆಹುಳಿ ಸೇರಿದರೆ ಉಪ್ಪು ಕಡಿಮೆಯಾದದ್ದು ಅಷ್ಟಾಗಿ ತಿಳಿಯುವುದಿಲ್ಲ. ಮೊದಲ ಕೆಲವು ವಾರ ಊಟ ಸಪ್ಪೆ ಎನಿಸುತ್ತದೆ. ಆಮೇಲೆ ನಾಲಗೆ ಒಗ್ಗುತ್ತದೆ.

ಎಚ್ಚರಿಕೆ: ಸೋಡಿಯಂ ಕಡಿಮೆ ಇರುವ ಉಪ್ಪೆಂದು ಪೊಟ್ಟಣದಲ್ಲಿ ಮಾರುವ ಉಪ್ಪಿನಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಬೆರೆತಿರುತ್ತದೆ. ನೀವು ಹೊಲಕ್ಕೆ ಹಾಕುವ ಮ್ಯುರಿಯೇಟ್ ಆಫ್ ಪೊಟ್ಯಾಷ್‌ನ ಮುಖ್ಯ ವಸ್ತು ಅದೇ. ಮೂತ್ರಪಿಂಡದ ರೋಗಿಗೆ ಅದು ಅಪಾಯಕಾರಿ. ಸೈಂಧವ ಉಪ್ಪು ಕೂಡ ಬಹುತೇಕ ಸಾಮಾನ್ಯ ಉಪ್ಪೇ; ಅದಕ್ಕೂ ಅದೇ ಅಳತೆ.

ಸಾರಜನಕ: ಬೇಳೆ, ಹಾಲು, ಮಾಂಸದ ಲೆಕ್ಕ

ವೈದ್ಯರು ಪ್ರೋಟೀನ್ ಎಂದು ಹೇಳುವ ಸಸಾರಜನಕದಲ್ಲಿ ಸುಮಾರು ಶೇಕಡಾ 16ರಷ್ಟು ಸಾರಜನಕವಿದೆ. ದೇಹ ಅದನ್ನು ಬಳಸಿಕೊಂಡ ಮೇಲೆ ಉಳಿದ ಸಾರಜನಕವನ್ನು ಯೂರಿಯಾ ರೂಪದಲ್ಲಿ ಮೂತ್ರಪಿಂಡದ ಮೂಲಕ ಹೊರಹಾಕುತ್ತದೆ. ರಕ್ತಪರೀಕ್ಷೆಯ ಚೀಟಿಯಲ್ಲಿ ಬರುವ ಯೂರಿಯಾ ಮತ್ತು ಗೊಬ್ಬರದ ಚೀಲದ ಯೂರಿಯಾ ಒಂದೇ ವಸ್ತು. ಹೊಲಕ್ಕೆ ಯೂರಿಯಾ ಹಾಕಿದ್ದರಿಂದ ರಕ್ತದಲ್ಲಿ ಯೂರಿಯಾ ಹೆಚ್ಚಿತೆಂದು ಕೆಲವರು ತಿಳಿಯುತ್ತಾರೆ, ಅದು ಸರಿಯಲ್ಲ. ರಕ್ತದ ಯೂರಿಯಾ ದೇಹದಲ್ಲಿಯೇ ತಯಾರಾಗುತ್ತದೆ. ಮಿತವಾಗಿ ಉಂಡವನ ದೇಹದಲ್ಲಿಯೂ ದಿನಕ್ಕೆ 10 ಗ್ರಾಂಗಿಂತ ಹೆಚ್ಚು ಯೂರಿಯಾ ಆಗುತ್ತದೆ. ಬಸಿಗಾಲುವೆ ಕಟ್ಟಿದಾಗ ಅದು ಒಳಗೆ ನಿಲ್ಲುತ್ತದೆ. ಹಸಿವು ಹೋಗುತ್ತದೆ, ವಾಂತಿ ಬರುವಂತಾಗುತ್ತದೆ.

ಹಾಗೆಂದು ಸಸಾರಜನಕವನ್ನು ಪೂರ್ಣ ನಿಲ್ಲಿಸಿದರೆ ದೇಹ ತನ್ನ ಮಾಂಸಖಂಡವನ್ನೇ ಕರಗಿಸಿಕೊಳ್ಳುತ್ತದೆ. ಆಗಲೂ ಯೂರಿಯಾ ಆಗುತ್ತದೆ, ಮೇಲಾಗಿ ಶಕ್ತಿಯೂ ಹೋಗುತ್ತದೆ. ಬರಿಯ ಗಂಜಿಯಲ್ಲಿಟ್ಟ ರೋಗಿ ಸೊರಗುವುದು ಹೀಗೆ. 3ರಿಂದ 5ನೆಯ ಹಂತದ, ಡಯಾಲಿಸಿಸ್ ಇಲ್ಲದ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.8 ಗ್ರಾಂ ಸಾಕೆಂಬುದು ಈಗಿನ ಸಾಮಾನ್ಯ ಶಿಫಾರಸು. 60 ಕಿಲೋ ತೂಕದವರಿಗೆ 48 ಗ್ರಾಂ. ಇದಕ್ಕಿಂತಲೂ ಇಳಿಸುವುದಿದ್ದರೆ ವೈದ್ಯರ ಮತ್ತು ಆಹಾರ ತಜ್ಞರ ನಿಗಾದಲ್ಲಿ ಮಾತ್ರ ಇಳಿಸಬೇಕು. ಜ್ವರ ಬಂದಾಗ, ಶಸ್ತ್ರಚಿಕಿತ್ಸೆಯಾದಾಗ, ತೂಕ ಇಳಿಯುತ್ತಿರುವಾಗ ಇಳಿಸಲೇಬಾರದು. ಅಂಗಡಿಯಲ್ಲಿ ಮಾರುವ ಪ್ರೋಟೀನ್ ಪುಡಿಯನ್ನು ಸ್ವಂತ ಬುದ್ಧಿಯಿಂದ ತರಬೇಡಿ.

ಒಂದು ದಿನದ ಊಟದ ಮಾದರಿ

60 ಕಿಲೋ ತೂಕದ, 3ನೆಯ ಹಂತದ, ರಕ್ತದ ಪೊಟ್ಯಾಸಿಯಂ ಸರಿಯಿರುವ ಒಬ್ಬ ರೈತನನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ತೂಕಗಳು ಬೇಯಿಸುವ ಮೊದಲಿನವು.

ಜೋಳದ ಹಿಟ್ಟು 200 ಗ್ರಾಂ, ಸುಮಾರು ನಾಲ್ಕು ರೊಟ್ಟಿ: ಸಸಾರಜನಕ 20 ಗ್ರಾಂ.

ಅಕ್ಕಿ 75 ಗ್ರಾಂ: 6 ಗ್ರಾಂ.

ಬೆಳಗಿನ ಅವಲಕ್ಕಿ 50 ಗ್ರಾಂ: 4 ಗ್ರಾಂ.

ತೊಗರಿ ಅಥವಾ ಹೆಸರು ಬೇಳೆ 30 ಗ್ರಾಂ, ಅಂದರೆ ಒಂದು ಸಣ್ಣ ಹಿಡಿ: 6ರಿಂದ 7 ಗ್ರಾಂ.

ಹಾಲು, ಮೊಸರು ಸೇರಿ 200 ಮಿ.ಲೀ.: 6ರಿಂದ 7 ಗ್ರಾಂ.

ಕಾಯಿಪಲ್ಯ 250 ಗ್ರಾಂ: 4 ಗ್ರಾಂ.

ಅಡಿಗೆ ಎಣ್ಣೆ 30 ಗ್ರಾಂ: ಸಸಾರಜನಕವಿಲ್ಲ, ಶಕ್ತಿ 270 ಕ್ಯಾಲರಿ.

ಒಟ್ಟು ಸಸಾರಜನಕ 47 ಗ್ರಾಂ ಹತ್ತಿರ. ಶಕ್ತಿ ಸುಮಾರು 1700 ಕ್ಯಾಲರಿ. ಈ ತೂಕದವರಿಗೆ ದುಡಿಮೆಗೆ ತಕ್ಕಂತೆ 1500ರಿಂದ 2100 ಕ್ಯಾಲರಿ ಬೇಕಾಗುತ್ತದೆ. ಹೊಲದಲ್ಲಿ ದುಡಿಯುವ ದಿನ ಹಸಿವು ಹೆಚ್ಚಿದ್ದರೆ ಬೇಳೆಯನ್ನಲ್ಲ, ಅನ್ನವನ್ನೂ ಎಣ್ಣೆಯನ್ನೂ ಸ್ವಲ್ಪ ಹೆಚ್ಚಿಸಿ. ಸಕ್ಕರೆ ಕಾಯಿಲೆ ಇರುವವರು ಅನ್ನ ಹೆಚ್ಚಿಸುವಾಗ ವೈದ್ಯರನ್ನು ಕೇಳಬೇಕು.

ಈ ಲೆಕ್ಕದಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ನಾಲ್ಕು ರೊಟ್ಟಿ ತಿನ್ನುವವರಿಗೆ ಅರ್ಧದ ಹತ್ತಿರ ಸಸಾರಜನಕ ರೊಟ್ಟಿಯಿಂದಲೇ ಬಂದಿರುತ್ತದೆ. ಅದರ ಮೇಲೆ ಬಟ್ಟಲು ತುಂಬ ಕಾಳುಪಲ್ಯ, ಹಿಡಿ ಶೇಂಗಾ ಹಿಂಡಿ, ಎರಡು ಲೋಟ ಹಾಲು ಸೇರಿದರೆ ಮಿತಿ ದಾಟುತ್ತದೆ. ಆದುದರಿಂದ ಬಿಡಬೇಕಾದದ್ದು ರೊಟ್ಟಿಯನ್ನಲ್ಲ; ಕಡಿಮೆ ಮಾಡಬೇಕಾದದ್ದು ಕಾಳು ಮತ್ತು ಹಿಂಡಿಯನ್ನು. ಮಾಂಸ, ಮೊಟ್ಟೆ ತಿನ್ನುವವರು ಆ ದಿನದ ಬೇಳೆಯ ಪಾಲನ್ನು ಬಿಟ್ಟು ಅದರ ಬದಲು ಅಷ್ಟೇ ತಿನ್ನಬೇಕು.

ಪೊಟ್ಯಾಷ್: ಎಲ್ಲರಿಗೂ ಅಲ್ಲ, ಏರಿದವರಿಗೆ ಮಾತ್ರ

ರಕ್ತದ ಪೊಟ್ಯಾಸಿಯಂ ಸಾಮಾನ್ಯವಾಗಿ 3.5ರಿಂದ 5ರ ಒಳಗಿರಬೇಕು. ಬಹಳ ಏರಿದರೆ ಮುನ್ಸೂಚನೆ ಇಲ್ಲದೆ ಹೃದಯ ನಿಲ್ಲಬಹುದು. ಆದರೆ ಅಂಕೆ ಸರಿಯಿರುವವರು ಹಣ್ಣು, ಕಾಯಿಪಲ್ಯಗಳನ್ನು ಹೆದರಿ ಬಿಡಬೇಕಾಗಿಲ್ಲ. ಅವು ಅವರಿಗೆ ಒಳ್ಳೆಯವೇ. ಅಂಕೆ ಏರಿದೆ ಎಂದು ವೈದ್ಯರು ಹೇಳಿದವರು ಮಾತ್ರ ಕೆಳಗಿನ ಕ್ರಮ ಅನುಸರಿಸಬೇಕು.

ಹೆಚ್ಚು ಪೊಟ್ಯಾಷ್ ಇರುವವು: ಎಳನೀರು, ಬಾಳೆಹಣ್ಣು, ಚಿಕ್ಕು, ಖರ್ಜೂರ, ಒಣದ್ರಾಕ್ಷಿ, ಆಲೂಗಡ್ಡೆ, ಗೆಣಸು, ಪಾಲಕ, ರಾಜಗಿರಿ, ನುಗ್ಗೆಸೊಪ್ಪು, ಟೊಮ್ಯಾಟೊ ಸಾರು, ಶೇಂಗಾ, ಹುರಳಿ, ಬೆಲ್ಲ. ಒಂದು ಸಾಧಾರಣ ಎಳನೀರಿನಲ್ಲಿ 600 ಮಿಲಿಗ್ರಾಂ ಹತ್ತಿರ ಪೊಟ್ಯಾಸಿಯಂ ಇದೆ. ರೋಗಿಯನ್ನು ನೋಡಲು ಬರುವ ನೆಂಟರು ಮೊದಲು ತರುವುದು ಎಳನೀರು ಮತ್ತು ಬಾಳೆಹಣ್ಣನ್ನೇ. ಪ್ರೀತಿಯಿಂದ ತಂದದ್ದಾದರೂ ಪೊಟ್ಯಾಸಿಯಂ ಏರಿದವರಿಗೆ ಅದನ್ನು ಕೊಡಬಾರದು.

ಕಡಿಮೆ ಇರುವವು: ಸೋರೆಕಾಯಿ, ಹೀರೇಕಾಯಿ, ಪಡವಲಕಾಯಿ, ಸೌತೆಕಾಯಿ, ಎಲೆಕೋಸು, ಉಳ್ಳಾಗಡ್ಡಿ, ಹಣ್ಣಿನಲ್ಲಿ ಸೇಬು, ಅನಾನಸ್. ಅಕ್ಕಿಯಲ್ಲಿ ಜೋಳದ ಮೂರನೆಯ ಒಂದು ಪಾಲಿನಷ್ಟೇ ಪೊಟ್ಯಾಷ್ ಇದೆ. ಪೊಟ್ಯಾಸಿಯಂ ಏರಿದವರು ನಾಲ್ಕು ರೊಟ್ಟಿಯ ಬದಲು ಎರಡು ರೊಟ್ಟಿ ತಿಂದು ಉಳಿದುದಕ್ಕೆ ಅನ್ನ ತೆಗೆದುಕೊಳ್ಳಬಹುದು.

ಪೊಟ್ಯಾಷ್ ನೀರಿನಲ್ಲಿ ಕರಗುತ್ತದೆ. ಕಾಯಿಪಲ್ಯವನ್ನು ಸಣ್ಣಗೆ ಹೆಚ್ಚಿ, ಧಾರಾಳ ನೀರಿನಲ್ಲಿ ಕುದಿಸಿ, ಆ ನೀರನ್ನು ಬಸಿದು ಚೆಲ್ಲಿ ಒಗ್ಗರಣೆ ಹಾಕಿದರೆ ಆಲೂಗಡ್ಡೆಯಂಥ ಪದಾರ್ಥದಲ್ಲಿಯೂ ಅರ್ಧದಷ್ಟು ಹೋಗುತ್ತದೆ. ಬರಿಯ ತಣ್ಣೀರಿನಲ್ಲಿ ನೆನೆಹಾಕಿದರೆ ಸಾಲದು. ಬಸಿದ ನೀರಿನಲ್ಲಿಯೇ ಪೊಟ್ಯಾಷ್ ಇರುವುದರಿಂದ ಅದನ್ನು ಸಾರಿಗೆ ಬಳಸಬಾರದು. ಹೋಳಿಗೆಯ ಬೇಳೆ ಬಸಿದು ಮಾಡುವ ಕಟ್ಟಿನ ಸಾರು ಮತ್ತು ಹುರಳಿ ಕಟ್ಟು ಇಂಥವರಿಗೆ ಆಗದು. ಬಸಿದ ಬೇಳೆಯನ್ನು ಅಳತೆಯಲ್ಲಿ ತಿನ್ನಬಹುದು.

ಮೂತ್ರದ ಕಲ್ಲಿಗೆ ಹಳ್ಳಿಗಳಲ್ಲಿ ಬಾಳೆದಿಂಡಿನ ರಸ ಕುಡಿಸುತ್ತಾರೆ. ಕಲ್ಲು ಬೇರೆ, ಮೂತ್ರಪಿಂಡದ ದೀರ್ಘ ಕಾಯಿಲೆ ಬೇರೆ. ಒಂದರ ಔಷಧ ಇನ್ನೊಂದಕ್ಕೆ ವಿಷವಾಗಬಹುದು. ಐದು ಏಣಿನ ಕಮರಾಕ್ಷಿ ಹಣ್ಣನ್ನಂತೂ ಮೂತ್ರಪಿಂಡ ಕೆಟ್ಟವರು ಯಾವ ಹಂತದಲ್ಲಿಯೂ ಬಾಯಿಗೆ ಹಾಕಬಾರದು. ಅದರಲ್ಲಿರುವ ವಿಷಾಂಶ ಹೊರಹೋಗದೆ ಮಿದುಳಿಗೆ ತಗಲುತ್ತದೆ. ಬಿಕ್ಕಳಿಕೆಯಿಂದ ತೊಡಗಿ ಸೆಳವು, ಸಾವಿನವರೆಗೆ ಹೋಗಬಹುದು.

ರಂಜಕ: ಕರಗುವುದು, ಕರಗದ್ದು

ಶಿಲಾರಂಜಕ ಮಣ್ಣಿನಲ್ಲಿ ನಿಧಾನವಾಗಿ ದೊರೆಯುತ್ತದೆ. ಡಿಎಪಿಯ ರಂಜಕ ನೀರಿಗೆ ಬಿದ್ದೊಡನೆ ಕರಗಿ ಸಿಗುತ್ತದೆ. ಆಹಾರದಲ್ಲಿಯೂ ಹೀಗೆಯೇ. ಜೋಳ, ಬೇಳೆ, ಕಾಳುಗಳ ರಂಜಕದ ಬಹುಪಾಲು ಫೈಟೇಟ್ ರೂಪದಲ್ಲಿ ಕಟ್ಟಿಹಾಕಿಕೊಂಡಿರುತ್ತದೆ. ದೇಹಕ್ಕೆ ಅರ್ಧಕ್ಕಿಂತ ಕಡಿಮೆ ಸಿಗುತ್ತದೆ. ಕೋಳಿ ಸಾಕುವವರು ಆಹಾರಕ್ಕೆ ಫೈಟೇಸ್ ಬೆರೆಸುವುದು ಕಾಳಿನ ಈ ರಂಜಕ ಕೋಳಿಗೂ ಸಿಗದ ಕಾರಣದಿಂದಲೇ. ಆದರೆ ಕಪ್ಪು ಬಣ್ಣದ ಕೋಲಾ ಪಾನೀಯ, ಸಂಸ್ಕರಿಸಿದ ಚೀಸ್, ಕೆಡದಂತೆ ಫಾಸ್ಫೇಟ್ ಬೆರೆಸಿದ ಪೊಟ್ಟಣದ ತಿಂಡಿಗಳ ರಂಜಕ ಬಹುತೇಕ ಪೂರ್ತಿಯಾಗಿ ರಕ್ತಕ್ಕೆ ಸೇರುತ್ತದೆ.

ರಂಜಕ ಹೆಚ್ಚಾದರೆ ಎಲುಬಿನ ಸುಣ್ಣ ಸಡಿಲವಾಗಿ ರಕ್ತನಾಳಗಳಲ್ಲಿ ಕೂಡುತ್ತದೆ. ಮೈ ತುರಿಸುತ್ತದೆ, ಎಲುಬು ಜೊಳ್ಳಾಗುತ್ತದೆ. ಆದುದರಿಂದ ಮೊದಲು ಪೊಟ್ಟಣದ ತಿಂಡಿ, ಬಾಟಲಿಯ ಪಾನೀಯಗಳನ್ನು ಬಿಡಿ. ಹಾಲು, ಮೊಸರನ್ನು ಮೇಲೆ ಹೇಳಿದ 200 ಮಿ.ಲೀ. ಅಳತೆಯಲ್ಲಿಡಿ. ಕಾಳುಗಳನ್ನು ರಂಜಕಕ್ಕೆ ಹೆದರಿ ಬಿಡಬೇಕಾಗಿಲ್ಲ.

ನೀರು

ಮೂತ್ರಪಿಂಡ ಕೆಟ್ಟವರು ಕೊಡಗಟ್ಟಲೆ ನೀರು ಕುಡಿದರೆ ತೊಳೆದುಹೋಗುತ್ತದೆಂಬುದು ತಪ್ಪು ತಿಳಿವಳಿಕೆ. ಬಾವು ಇಲ್ಲದ, ಮೂತ್ರ ಸರಿಯಾಗಿ ಹೋಗುವ ಆರಂಭದ ಹಂತದವರು ಬಾಯಾರಿಕೆಗೆ ತಕ್ಕಷ್ಟು ಕುಡಿಯಲಿ. ಬಿಸಿಲಿನಲ್ಲಿ ದುಡಿಯುವಾಗ ಬಾಯಾರಿಕೆಗೆ ಕಾಯದೆ ಆಗಾಗ ಕುಡಿಯಲಿ, ನಡು ಹಗಲಿನಲ್ಲಿ ನೆರಳಿಗೆ ಬರಲಿ. ಮೂತ್ರ ಕಡಿಮೆಯಾದವರಿಗೆ, ಕಾಲು, ಮುಖ ಬಾತವರಿಗೆ ವೈದ್ಯರು ಅಳತೆ ಹಾಕುತ್ತಾರೆ. ಸಾಮಾನ್ಯವಾಗಿ ಹಿಂದಿನ ದಿನ ಹೋದ ಮೂತ್ರದಷ್ಟು, ಅದರ ಮೇಲೆ ಅರ್ಧ ಲೀಟರ್. ಚಹಾ, ಸಾರು, ಮಜ್ಜಿಗೆ, ಅಂಬಲಿ ಎಲ್ಲವೂ ಈ ಅಳತೆಯಲ್ಲಿಯೇ ಸೇರಬೇಕು. ಉಪ್ಪು ಕಡಿಮೆ ಮಾಡಿದರೆ ಬಾಯಾರಿಕೆಯೂ ತಾನಾಗಿ ಇಳಿಯುತ್ತದೆ.

ಹಬ್ಬ ಮತ್ತು ಉಪವಾಸ

ಸೀಗಿ ಹುಣ್ಣಿಮೆಗೆ, ಎಳ್ಳಮಾವಾಸ್ಯೆಗೆ ಚರಗ ಚೆಲ್ಲಿ ಹೊಲದಲ್ಲಿ ಕುಳಿತು ಉಣ್ಣುವಾಗ ರೋಗಿಯೊಬ್ಬನೇ ಬೇರೆ ಕುಳಿತುಕೊಳ್ಳಬೇಕಾಗಿಲ್ಲ. ಒಂದು ಹೋಳಿಗೆ ತಿಂದರೆ ಅದೇ ಆ ದಿನದ ಬೇಳೆಯ ಪಾಲು ಎಂದು ತಿಳಿಯಲಿ. ಸಜ್ಜೆ ರೊಟ್ಟಿ, ಉಪ್ಪು ಕಡಿಮೆ ಹಾಕಿದ ಬದನೆಕಾಯಿ ಪಲ್ಯ ಬಡಿಸಿ. ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಬೇಡ.

ಉಪವಾಸದ ದಿನ ಇದಕ್ಕಿಂತ ಹೆಚ್ಚು ಎಚ್ಚರ ಬೇಕು. ಶಿವರಾತ್ರಿ, ಏಕಾದಶಿ, ಶ್ರಾವಣ ಸೋಮವಾರಗಳಂದು ಅನ್ನ, ರೊಟ್ಟಿ ಬಿಟ್ಟು ನಾವು ತಿನ್ನುವುದು ಬಾಳೆಹಣ್ಣು, ಖರ್ಜೂರ, ಶೇಂಗಾ ಉಂಡಿ, ಗೆಣಸು, ಆಲೂಗಡ್ಡೆ. ಇವೆಲ್ಲವೂ ಪೊಟ್ಯಾಷ್ ತುಂಬಿದವು. ಇನ್ನು ಸಕ್ಕರೆ ಕಾಯಿಲೆಯವರಲ್ಲಿ ಮೂತ್ರಪಿಂಡ ಕೆಟ್ಟಂತೆ ಇನ್ಸುಲಿನ್ ಹೆಚ್ಚು ಹೊತ್ತು ದೇಹದಲ್ಲಿ ಉಳಿಯುತ್ತದೆ. ಹೊಟ್ಟೆ ಖಾಲಿ ಬಿಟ್ಟರೆ ರಕ್ತದ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಬಹುದು. ಬೆವರು, ನಡುಕ ಬಂದರೆ ತಡಮಾಡದೆ ನೀರಿನಲ್ಲಿ ಸಕ್ಕರೆ ಕದಡಿ ಕುಡಿಸಿ. ಬಾಳೆಹಣ್ಣು, ಬೆಲ್ಲ ಬೇಡ. ಪ್ರಜ್ಞೆ ಇಲ್ಲದವರಿಗೆ ಬಾಯಿಯ ಮೂಲಕ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ.

ಡಯಾಲಿಸಿಸ್ ಆರಂಭವಾದ ಮೇಲೆ

5ನೆಯ ಹಂತದಲ್ಲಿ ಯಂತ್ರದ ಮೂಲಕ ರಕ್ತವನ್ನು ಸೋಸಬೇಕಾಗಬಹುದು. ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲ ಸುಮಾರು 4 ತಾಸು. ರೋಗಿಯ ಜೊತೆಗೆ ಇನ್ನೊಬ್ಬರ ದುಡಿಮೆಯೂ ಹೋಗುತ್ತದೆ. ಬಿತ್ತನೆ, ಕೊಯ್ಲಿನ ದಿನಗಳಲ್ಲಿ ಇದು ಎಂಥ ಹೊರೆ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಬಡತನದ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ಉಚಿತ ಡಯಾಲಿಸಿಸ್ ಕೊಡುವ ರಾಷ್ಟ್ರೀಯ ಕಾರ್ಯಕ್ರಮ 2016ರಲ್ಲಿ ಆರಂಭವಾಗಿದೆ. ಹೊಲ ಒತ್ತೆಯಿಟ್ಟು ಖಾಸಗಿ ಕಡೆ ಓಡುವ ಮೊದಲು ಹಾವೇರಿಯ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ.

ಡಯಾಲಿಸಿಸ್ ಆರಂಭವಾದೊಡನೆ ಸಸಾರಜನಕದ ಲೆಕ್ಕ ತಿರುಗುತ್ತದೆ. ಯಂತ್ರದಲ್ಲಿ ಸ್ವಲ್ಪ ಸಸಾರಜನಕ ಸೋರಿಹೋಗುವುದರಿಂದ ಪ್ರತಿ ಕಿಲೋ ತೂಕಕ್ಕೆ 1.0ರಿಂದ 1.2 ಗ್ರಾಂ ಬೇಕು. 60 ಕಿಲೋದವರಿಗೆ 60ರಿಂದ 72 ಗ್ರಾಂ. ನಿನ್ನೆಯವರೆಗೆ ಬೇಳೆ ಕಡಿಮೆ ಮಾಡಿ ಎಂದವರು ಇಂದು ಹೆಚ್ಚು ತಿನ್ನಿ ಎನ್ನುತ್ತಾರಲ್ಲ ಎಂದು ಗೊಂದಲ ಬೇಡ. ಎರಡೂ ಆಯಾ ಹಂತಕ್ಕೆ ಸರಿಯೇ. ಮೊಟ್ಟೆ ತಿನ್ನುವವರಿಗೆ ಅದರ ಬಿಳಿಭಾಗ ಉತ್ತಮ. ಅದರಲ್ಲಿ ರಂಜಕ ತೀರ ಕಡಿಮೆ. ಉಪ್ಪು, ನೀರು, ಪೊಟ್ಯಾಷ್‌ಗಳ ಹತೋಟಿ ಮಾತ್ರ ಆಗ ಇನ್ನೂ ಬಿಗಿಯಾಗಬೇಕು.

ಇವನ್ನು ಮುಟ್ಟಬೇಡಿ

ಡೈಕ್ಲೋಫೆನಾಕ್, ಐಬುಪ್ರೊಫೆನ್ ಮೊದಲಾದ ನೋವಿನ ಗುಳಿಗೆಗಳು ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ಕುಗ್ಗಿಸುತ್ತವೆ. ಕಳೆ ತೆಗೆದ ದಿನ, ಮೂಟೆ ಹೊತ್ತ ದಿನ ಬೆವರು ಸುರಿಸಿ, ನೀರು ಕುಡಿಯದೆ ಮೇಲೆ ಈ ಗುಳಿಗೆ ನುಂಗುವುದು ಅತ್ಯಂತ ಅಪಾಯ. ಹಾವಿನ ಕಡಿತಕ್ಕೆಂದು ಹಳ್ಳಿಗಳಲ್ಲಿ ಬಳಸುವ ಈಶ್ವರಿ ಬಳ್ಳಿಯಲ್ಲಿ ಮೂತ್ರಪಿಂಡವನ್ನು ನಾಶಮಾಡುವ ಆಮ್ಲವಿದೆ. ಈ ಜಾತಿಯ ಗಿಡ ಬೆರೆತ ಪುಡಿಯನ್ನು ಮೈ ಇಳಿಸಲು ಸೇವಿಸಿದ ಬೆಲ್ಜಿಯಂ ದೇಶದ ಮಹಿಳೆಯರ ಮೂತ್ರಪಿಂಡಗಳು ಕೆಟ್ಟ ಸಂಗತಿ 1993ರಲ್ಲಿ ಪ್ರಕಟವಾಯಿತು. ಒಳಗೆ ಏನಿದೆ ಎಂದು ತಿಳಿಸದ ನಾಟಿ ಪುಡಿ, ಲೋಹದ ಭಸ್ಮಗಳನ್ನು ಕಿಡ್ನಿಗೆ ಒಳ್ಳೆಯದೆಂದು ಯಾರು ಹೇಳಿದರೂ ತೆಗೆದುಕೊಳ್ಳಬೇಡಿ.

ಹಿತ್ತಲಲ್ಲಿ ಏನು ಹಾಕಬೇಕು?

ಗೋವಿನಜೋಳ, ಹತ್ತಿಯ ನಡುವೆ ಮನೆಯ ಕಾಯಿಪಲ್ಯಕ್ಕೆ ಜಾಗ ಉಳಿಯದಂತಾಗಿದೆ. ರೋಗಿ ಇರುವ ಮನೆಯವರು ಬಚ್ಚಲ ನೀರು ಹೋಗುವ ಕಡೆ ಅರ್ಧ ಗುಂಟೆಯಲ್ಲಿ ಹೀರೆ ನಾಲ್ಕು ಬಳ್ಳಿ, ಸೋರೆ ಎರಡು, ಪಡವಲ ಎರಡು, ಒಂದು ಸಾಲು ಸೌತೆ ಹಾಕಿ. ಹಿಂಗಾರಿಯಲ್ಲಿ ಎಲೆಕೋಸು, ಉಳ್ಳಾಗಡ್ಡಿ ಹಚ್ಚಿ. ಒಂದು ನಿಂಬೆ, ಒಂದು ಕರಿಬೇವು ಗಿಡ ಖಾಯಂ ಇರಲಿ. ಉಪ್ಪಿನ ಬದಲು ರುಚಿ ಕೊಡುವವು ಅವೇ. ಬಳ್ಳಿಗಳನ್ನು 15 ದಿನಗಳ ಅಂತರದಲ್ಲಿ ಎರಡು ಕಂತಾಗಿ ಬಿತ್ತಿದರೆ ಕಾಯಿ ಒಮ್ಮೆಲೇ ಬಂದು ನಿಲ್ಲುವುದಿಲ್ಲ.

ಮನೆಯವರಿಗೆ ಒಂದು ಮಾತು

ಮನೆಯ ಯಜಮಾನನಿಗೆ ಕಾಯಿಲೆ ಬಂದರೆ ಹೆಂಡತಿ, ಸೊಸೆ ಬೇರೆ ಅಡಿಗೆ ಮಾಡುತ್ತಾರೆ. ಅದೇ ಕಾಯಿಲೆ ಮನೆಯಾಕೆಗೆ ಬಂದರೆ ಆಕೆ ತನಗಾಗಿ ಬೇರೆ ಪಲ್ಯ ತೆಗೆದಿಟ್ಟುಕೊಳ್ಳುವುದಿಲ್ಲ. ಎಲ್ಲರೂ ಉಂಡ ಮೇಲೆ ಉಳಿದ ಪಲ್ಯ ತೀರಿದ್ದರೆ ರೊಟ್ಟಿಗೆ ಉಪ್ಪಿನಕಾಯಿ ಹಚ್ಚಿಕೊಂಡು ಉಣ್ಣುತ್ತಾಳೆ. ತೌರುಮನೆಗೆ, ಆಸ್ಪತ್ರೆಗೆ ಹೋಗುವುದನ್ನೂ ಸುಗ್ಗಿ ಮುಗಿಯಲಿ ಎಂದು ಮುಂದೂಡುತ್ತಾಳೆ. ಈ ಲೇಖನವನ್ನು ಓದುವವರು ಹೆಚ್ಚಾಗಿ ಗಂಡಸರು. ನಿಮ್ಮ ಮನೆಯಲ್ಲಿ ರೋಗಿ ಹೆಣ್ಣುಮಗಳಾಗಿದ್ದರೆ ಆಕೆಯ ಪಾಲಿನ ಪಲ್ಯವನ್ನು ಮೊದಲು ತೆಗೆದಿಡುವ ಜವಾಬ್ದಾರಿ ನಿಮ್ಮದು. ಇಡೀ ಮನೆಯೇ ಉಪ್ಪು ಕಡಿಮೆ ಮಾಡಿದರೆ ಇನ್ನೂ ಒಳ್ಳೆಯದು. ಮುಂದಿನ ರೋಗಿ ಆಗಬಹುದಾದವರಿಗೂ ರಕ್ಷಣೆ ಸಿಗುತ್ತದೆ.

ಕೊನೆಯದಾಗಿ ನೆನಪಿಡಬೇಕಾದ ಅಂಶಗಳು:

1. ಮೊದಲು ಪರೀಕ್ಷೆ, ಆಮೇಲೆ ಪಥ್ಯ. ಮೂರು ತಿಂಗಳಿಗೊಮ್ಮೆ ಅಥವಾ ವೈದ್ಯರು ಹೇಳಿದಾಗ ಮರುಪರೀಕ್ಷೆ. ಚೀಟಿಗಳನ್ನು ದಿನಾಂಕದ ಪ್ರಕಾರ ಒಂದೇ ಕಡೆ ಜೋಡಿಸಿಡಿ.

2. ಉಪ್ಪು ದಿನಕ್ಕೆ ಒಂದು ಚಮಚ, ಎಲ್ಲ ಹಂತದವರಿಗೂ.

3. ರೊಟ್ಟಿ ಬಿಡಬೇಡಿ, ಕಾಳು, ಹಿಂಡಿ, ಹಾಲನ್ನು ಅಳತೆಯಲ್ಲಿಡಿ. ಹೊಟ್ಟೆ ಕಟ್ಟಬೇಡಿ.

4. ಪೊಟ್ಯಾಷ್ ಕಡಿತ ರಕ್ತದಲ್ಲಿ ಏರಿದವರಿಗೆ ಮಾತ್ರ.

5. ತಿಂಗಳಿಗೊಮ್ಮೆ ತೂಕ ನೋಡಿ. ಬಾವು ಇಲ್ಲದೆ ತೂಕ ಇಳಿಯುತ್ತಿದ್ದರೆ ಪಥ್ಯ ಅತಿಯಾಗಿದೆ ಎಂದರ್ಥ; ವೈದ್ಯರಿಗೆ ತಿಳಿಸಿ.

6. ಸಕ್ಕರೆ ಮತ್ತು ರಕ್ತದೊತ್ತಡದ ಗುಳಿಗೆಗಳನ್ನು ಒಂದು ದಿನವೂ ತಪ್ಪಿಸಬೇಡಿ.

ಸವಳಾದ ಹೊಲವನ್ನು ಒಂದೇ ವರ್ಷದಲ್ಲಿ ಸರಿಪಡಿಸಲಾಗದು. ಆದರೆ ನೀರನ್ನೂ ಗೊಬ್ಬರವನ್ನೂ ಹದವರಿತು ಕೊಡುವ ಒಕ್ಕಲಿಗ ಅಂಥ ಹೊಲದಲ್ಲಿಯೂ ಬೆಳೆ ತೆಗೆಯುತ್ತಾನೆ. ಅದೇ ಹದವನ್ನು ರೋಗಿಯ ತಟ್ಟೆಯಲ್ಲಿ ಪಾಲಿಸಿದರೆ ಡಯಾಲಿಸಿಸ್ಸಿನ ದಿನವನ್ನು ಅನೇಕರು ವರ್ಷಗಳಷ್ಟು ಮುಂದೂಡಬಹುದು. ಆ ವರ್ಷಗಳಲ್ಲಿ ಹೊಲವನ್ನೂ ಮನೆಯನ್ನೂ ತಾವೇ ನಿಂತು ನೋಡಿಕೊಳ್ಳಬಹುದು.